ಹುಳದ ಔಷಧಿ ಕುಡಿಸಿದರೂ ಕುರಿಗಳ ಗದ್ದ ಬಾತುಕೊಳ್ಳುತ್ತಿದೆ, ಏನು ಮಾಡಲಿ?

ಹಿರಿಯೂರು ಕುರಿಮಂದೆ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಮ್ಮದು ಹಿರಿಯೂರು ತಾಲ್ಲೂಕು. 60 ಕುರಿ, 8 ಮೇಕೆ ಇವೆ. ಕುರಿ ಎಲ್ಲಾ ಬಳ್ಳಾರಿ ತಳಿ. ಮುಂಗಾರು ಶುರುವಾಯಿತೆಂದರೆ ಸುತ್ತಲಿನ ಹೊಲದಲ್ಲೆಲ್ಲಾ ಶೇಂಗಾ, ಈರುಳ್ಳಿ, ಮೆಕ್ಕೆಜೋಳ. ಕುರಿ ಕಾಲಿಡುವ ಹಾಗಿಲ್ಲ. ಸುಗ್ಗಿ ಮುಗಿಯುವವರೆಗೆ ಊರ ಕೆರೆ ಅಂಗಳವೇ ಗತಿ.

ಈ ಸಲ ಉತ್ತರೆ ಮಳೆ ಚೆನ್ನಾಗಿ ಆಯಿತು. ಅದಾದ ಮೇಲೆ ಕೆಲವು ಕುರಿ ಮಂದೆಯಿಂದ ಹಿಂದೆ ಬೀಳುತ್ತಿವೆ. ನಾಲ್ಕು ಹೆಜ್ಜೆ ಓಡಿಸಿದರೆ ಏದುಸಿರು ಬಿಡುತ್ತವೆ. ಸಂಜೆ ರೊಪ್ಪಕ್ಕೆ ಬರುವ ಹೊತ್ತಿಗೆ ಗದ್ದದ ಕೆಳಗೆ ಮೆತ್ತಗೆ ಊದಿ ಜೋತು ಬಿದ್ದಿರುತ್ತದೆ. ಬೆರಳಿನಿಂದ ಒತ್ತಿದರೆ ಗುಳಿ ಬೀಳುತ್ತದೆ. ಬೆಳಿಗ್ಗೆ ನೋಡಿದರೆ ಅರ್ಧ ಇಳಿದಿರುತ್ತದೆ. ಭೇದಿ ಇಲ್ಲ, ಹಿಕ್ಕೆ ಗಟ್ಟಿಯಾಗೇ ಇದೆ. ಮೇವೂ ತಿನ್ನುತ್ತವೆ.

ಮರಿಗೆ ಹಾಲು ಕೊಡುತ್ತಿದ್ದ ಒಂದು ಕುರಿ ಹೀಗೇ ಸೊರಗಿ ಸತ್ತಿತು. ಕೊಯ್ದು ನೋಡಿದೆವು. ಮಾಂಸ ಬಿಳಿಚಿಕೊಂಡಿತ್ತು, ರಕ್ತ ನೀರು ನೀರು. ಹೊಟ್ಟೆಯ ಕೊನೇ ಚೀಲ ಸೀಳಿದರೆ ಒಳಗೆ ತುಂಬಾ ಸಣ್ಣ ಹುಳ. ಬೆರಳ ಗೆಣ್ಣಿನಷ್ಟು ಉದ್ದ ಇರಬಹುದು. ಕೆಂಪು ದಾರ, ಬಿಳಿ ದಾರ ಸೇರಿಸಿ ಹುರಿ ಹೊಸೆದ ಹಾಗೆ ಕಾಣುತ್ತಿದ್ದವು. ಕೆಲವು ಇನ್ನೂ ಮಿಸುಕಾಡುತ್ತಿದ್ದವು.

ಔಷಧಿ ಹಾಕಿಲ್ಲ ಅಂತಲ್ಲ. ಮೂರು ತಿಂಗಳಿಗೊಮ್ಮೆ ಅಲ್ಬೆಂಡಜೋಲ್ ಕುಡಿಸುತ್ತೇವೆ, ದೊಡ್ಡದಕ್ಕೆ 5 ಎಂಎಲ್ ಲೆಕ್ಕ. ಹೋದ ಸಲ ಬದಲಾಯಿಸಿ ನೋಡೋಣ ಅಂತ ಫೆನ್‌ಬೆಂಡಜೋಲ್ ತಂದೆವು. ಅದನ್ನು ಹಾಕಿ ಇನ್ನೂ ಒಂದು ತಿಂಗಳೂ ಆಗಿಲ್ಲ. ಮೆಡಿಕಲ್ ಶಾಪ್‌ನವರು ಇದಕ್ಕಿಂತ ಸ್ಟ್ರಾಂಗ್ ಇದೆ, ಎಲ್ಲದಕ್ಕೂ ಸೂಜಿ ಹಾಕಿ ಅಂತಾರೆ. ದೊಡ್ಡಪ್ಪ ಮೈಲುತುತ್ತ ಕರಗಿಸಿ ಕುಡಿಸು, ಹಿಂದೆಲ್ಲಾ ನಾವು ಅದನ್ನೇ ಮಾಡುತ್ತಿದ್ದೆವು ಅಂತಾರೆ. ಯಾರ ಮಾತು ಕೇಳಲಿ?

ದಾವಣಗೆರೆ ಟಗರು:

ಬ್ರೋ, ತಲೆ ಕೆಡಿಸ್ಕೊಬೇಡಿ. ಐವರ್‌ಮೆಕ್ಟಿನ್ ಸೂಜಿ ಹಾಕಿಸಿ, ಎಲ್ಲಾ ಕುರಿಗೂ ಒಂದೇ ದಿನ. ನಾನು ನನ್ನ ಟಗರಿಗೆ ತಿಂಗಳಿಗೊಂದು ಹಾಕಿಸುತ್ತೇನೆ. ಮೈ ಮಿರಿಮಿರಿ ಹೊಳೆಯುತ್ತದೆ.

ಪಶುಸಖಿ, ಜಗಳೂರು:

ಟಗರಣ್ಣ, ನಿಮ್ಮ ಟಗರು ಕಟ್ಟಿದ ಕಡೆ ಗೋದಲಿಯಲ್ಲಿ ಮೇವು ತಿನ್ನುತ್ತದೆ. ಅದರ ಬಾಯಿಗೆ ಹುಳ ಹೋಗುವ ದಾರಿಯೇ ಇಲ್ಲ. ಹೊಳಪು ಬಂದಿರುವುದು ನೀವು ಹಾಕುವ ಹಿಂಡಿಯಿಂದ, ಸೂಜಿಯಿಂದ ಅಲ್ಲ. ಹಿರಿಯೂರು ಅಣ್ಣನ ಮಂದೆ ಕೆರೆ ಅಂಗಳದ ಹುಲ್ಲು ಮೇಯುತ್ತದೆ. ಎರಡಕ್ಕೂ ಒಂದೇ ಲೆಕ್ಕ ಹಾಕಬೇಡಿ.

ಈಗ ಅಣ್ಣ, ನೀವು ಕೊಯ್ದು ನೋಡಿದ್ದು ಒಳ್ಳೆಯದೇ ಆಯಿತು. ಆ ಕೆಂಪು ಬಿಳಿ ಹುಳ ರಕ್ತ ಹೀರುವ ಹುಳ. ಡಾಕ್ಟ್ರು ಹೀಮಾಂಕಸ್ ಅನ್ನುತ್ತಾರೆ. ಕೆಂಪು ಕಾಣುವುದು ಅದರ ಹೊಟ್ಟೆಯಲ್ಲಿರುವ ಕುರಿಯ ರಕ್ತ. ಬಿಳಿ ಕಾಣುವುದು ಅದರ ಮೊಟ್ಟೆ ತುಂಬಿದ ನಾಳ. ಒಂದು ಹುಳ ದಿನಕ್ಕೆ 0.05 ಎಂಎಲ್ ರಕ್ತ ಕುಡಿಯುತ್ತದೆ. ಅಷ್ಟೇನಾ ಅನ್ನಬೇಡಿ. ಒಂದು ಕುರಿಯೊಳಗೆ 2000 ಹುಳ ಇದ್ದರೆ ದಿನಕ್ಕೆ 100 ಎಂಎಲ್ ಹೋಯಿತು. 30 ಕೆಜಿ ಕುರಿಯ ಮೈಯಲ್ಲಿ ಇರುವುದೇ ಸುಮಾರು 2 ಲೀಟರ್ ರಕ್ತ. ರಕ್ತದ ಜೊತೆ ಪ್ರೋಟೀನೂ ಹೋಗುತ್ತದೆ, ಅದಕ್ಕೇ ಗದ್ದದಲ್ಲಿ ನೀರು ನಿಲ್ಲುವುದು. ದಿನವೆಲ್ಲಾ ತಲೆ ತಗ್ಗಿಸಿ ಮೇಯುತ್ತವಲ್ಲ, ಅದಕ್ಕೆ ಸಂಜೆ ಜಾಸ್ತಿ, ಬೆಳಿಗ್ಗೆ ಕಡಿಮೆ. ಈ ಹುಳಕ್ಕೆ ಸಾಮಾನ್ಯವಾಗಿ ಭೇದಿ ಆಗುವುದಿಲ್ಲ. ಜನ ಮೋಸ ಹೋಗುವುದು ಅಲ್ಲೇ. ಹಿಕ್ಕೆ ಚೆನ್ನಾಗಿದೆ, ಹುಳ ಇರಲಿಕ್ಕಿಲ್ಲ ಅಂದುಕೊಳ್ಳುತ್ತಾರೆ.

ನಿಮ್ಮ ಔಷಧಿ ಯಾಕೆ ನಾಟುತ್ತಿಲ್ಲ? ನನಗೆ ಎರಡು ಕಾರಣ ಕಾಣುತ್ತವೆ.

ಅಲ್ಬೆಂಡಜೋಲ್, ಫೆನ್‌ಬೆಂಡಜೋಲ್ ಎರಡೂ ಒಂದೇ ಮನೆತನದ ಔಷಧಿ. ಡಬ್ಬಿ ಬೇರೆ, ಬಣ್ಣ ಬೇರೆ, ಕೆಲಸ ಮಾಡುವ ರೀತಿ ಒಂದೇ. ಒಂದಕ್ಕೆ ಬಗ್ಗದ ಹುಳ ಇನ್ನೊಂದಕ್ಕೂ ಬಗ್ಗುವುದಿಲ್ಲ. ಅಂಗಡಿಯಲ್ಲಿ ಇದನ್ನು ಯಾರೂ ಹೇಳುವುದಿಲ್ಲ, ನಾವೂ ಕೇಳುವುದಿಲ್ಲ.

ಆಮೇಲೆ ಆ 5 ಎಂಎಲ್ ಲೆಕ್ಕ. ಬಾಟಲಿ ಮೇಲೆ ನೋಡಿ, 2.5% ಅಂತಿದ್ದರೆ ಒಂದು ಎಂಎಲ್‌ನಲ್ಲಿ 25 ಮಿಲಿಗ್ರಾಂ ಔಷಧಿ. ಕುರಿಗೆ ಕೆಜಿಗೆ 7.5 ಮಿಲಿಗ್ರಾಂ ಬೇಕು. 30 ಕೆಜಿ ಕುರಿಗೆ 225 ಮಿಲಿಗ್ರಾಂ, ಅಂದರೆ 9 ಎಂಎಲ್. ನೀವು ಕೊಟ್ಟ 5 ಎಂಎಲ್ 16 ಕೆಜಿ ಮರಿಗೆ ಸರಿಹೋಗುತ್ತದೆ. ಕಡಿಮೆ ಡೋಸಿಗೆ ಸಾಯುವುದು ಬಡಕಲು ಹುಳ ಮಾತ್ರ. ಗಟ್ಟಿ ಹುಳ ಬದುಕಿ ಮರಿ ಮಾಡುತ್ತದೆ. ಇದು ನಿಮ್ಮ ಮಂದೆಯ ಕಥೆ ಮಾತ್ರ ಅಲ್ಲ, ನಾನು ಹೋಗುವ ಹಟ್ಟಿಗಳಲ್ಲೆಲ್ಲಾ ಮುಚ್ಚಳದ ಲೆಕ್ಕವೇ. ತೂಕ ನೋಡುವವರು ಯಾರೂ ಇಲ್ಲ. ನಾನೊಂದು ತೂಗುವ ಸ್ಪ್ರಿಂಗ್ ತಕ್ಕಡಿ, ಎರಡು ಗೋಣಿಚೀಲ ಹೊತ್ತುಕೊಂಡೇ ಹೋಗುತ್ತೇನೆ. ಚೀಲದಲ್ಲಿ ಕಾಲು ತೂರುವಷ್ಟು ತೂತು ಮಾಡಿ, ಕುರಿಯನ್ನು ಅದರಲ್ಲಿ ಇಳಿಬಿಟ್ಟು, ಬೇವಿನ ಕೊಂಬೆಗೆ ನೇತು ಹಾಕಿದರೆ ಆಯಿತು. ಎಲ್ಲವನ್ನೂ ತೂಗುವುದು ಬೇಡ. ಒಂದೇ ಗಾತ್ರದವನ್ನು ಒಂದು ಕಡೆ ಮಾಡಿ, ಅದರಲ್ಲಿ ದಪ್ಪ ಕಾಣುವುದನ್ನು ತೂಗಿ, ಆ ಡೋಸೇ ಉಳಿದವಕ್ಕೂ.

ಕುಡಿಸುವಾಗ ನಾಲಿಗೆಯ ಹಿಂಭಾಗಕ್ಕೆ ಬಿಡಿ. ಬಾಯಿ ಮುಂದೆ ಚಿಮುಕಿಸಿದರೆ ಅರ್ಧ ಆಚೆ ಉಗುಳುತ್ತದೆ.

ಇನ್ನು ಯಾವ ಔಷಧಿ ಅನ್ನುವುದನ್ನು ಡಾಕ್ಟ್ರು ಹೇಳಲಿ, ಅದು ನನ್ನ ಕೆಲಸವಲ್ಲ. ಆದರೆ ಯಾವ ಕುರಿಗೆ ಅನ್ನುವುದನ್ನು ನೀವೇ ಕಂಡುಹಿಡಿಯಬಹುದು. ಎಲ್ಲಾ ಕುರಿಗೂ ಹಾಕಬೇಡಿ. ಕಣ್ಣಿನ ರೆಪ್ಪೆ ನೋಡಿ.

ಬಿಸಿಲಿನಲ್ಲಿ ನಿಲ್ಲಿಸಿ, ರೊಪ್ಪದ ನೆರಳಲ್ಲಿ ಬೇಡ. ಒಂದು ಹೆಬ್ಬೆರಳಿನಿಂದ ಮೇಲಿನ ರೆಪ್ಪೆಯನ್ನು ಕಣ್ಣುಗುಡ್ಡೆ ಮೇಲೆ ಮೆಲ್ಲಗೆ ಒತ್ತಿ. ಇನ್ನೊಂದರಿಂದ ಕೆಳಗಿನ ರೆಪ್ಪೆ ಎಳೆಯಿರಿ. ಒಳಗಿನ ತೊಗಲು ಹೊರಗೆ ಉಬ್ಬಿ ಕಾಣುತ್ತದೆ. ಥಟ್ಟನೆ ಬಣ್ಣ ನೋಡಿ ಬಿಟ್ಟುಬಿಡಿ. ಜಾಸ್ತಿ ಹೊತ್ತು ಹಿಡಿದರೆ ಉಜ್ಜಿದ್ದಕ್ಕೇ ಕೆಂಪಾಗುತ್ತದೆ. ಇದಕ್ಕೊಂದು ಕಾರ್ಡ್ ಇದೆ, ಫಮಾಚಾ ಅಂತ. ದಕ್ಷಿಣ ಆಫ್ರಿಕಾದವರು ಇದೇ ಹುಳಕ್ಕಾಗಿ ಮಾಡಿದ್ದು. 1 ಅಂದರೆ ಒಳ್ಳೆ ಕೆಂಪು, 5 ಅಂದರೆ ಸುಣ್ಣದ ಬಿಳುಪು. 4 ಮತ್ತು 5 ಬಂದವಕ್ಕೆ ಔಷಧಿ ಬೇಕೇ ಬೇಕು. 1, 2 ಇದ್ದವನ್ನು ಮುಟ್ಟಬೇಡಿ.

ಚೆನ್ನಾಗಿರುವವಕ್ಕೂ ಹಾಕಿದರೆ ತಪ್ಪೇನು ಅಂತ ಪ್ರತಿ ಊರಲ್ಲೂ ಕೇಳುತ್ತಾರೆ. ಮಂದೆಯ ಹುಳದಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ಇರುವುದು ನೂರಕ್ಕೆ 20-30 ಕುರಿಗಳಲ್ಲಿ ಮಾತ್ರ. ಉಳಿದ ಕುರಿಗಳಲ್ಲಿ ಇರುವುದು ಸ್ವಲ್ಪ, ಅದನ್ನು ಅವು ತಡೆದುಕೊಳ್ಳುತ್ತವೆ. ಆ ಸ್ವಲ್ಪ ಹುಳ ಔಷಧಿಯನ್ನೇ ಕಾಣದ ಹುಳ. ಅವು ಕೆರೆ ಅಂಗಳದಲ್ಲಿ ಮೊಟ್ಟೆ ಹಾಕುತ್ತಿದ್ದರೆ ಔಷಧಿಗೆ ಜಗ್ಗದ ಹುಳದ ಸಂತತಿ ಒಂದೇ ಮೆರೆಯುವುದಿಲ್ಲ, ಕಲಬೆರಕೆ ಆಗುತ್ತದೆ. ಎಲ್ಲಾ ಕುರಿಗೂ ಹಾಕಿಬಿಟ್ಟರೆ ಉಳಿಯುವುದು ಜಗ್ಗದ ಹುಳ ಮಾತ್ರ. ಮುಂದಿನ ವರ್ಷ ಯಾವ ಡಬ್ಬಿ ತಂದರೂ ನೀರು ಕುಡಿಸಿದ ಹಾಗೇ. ಬೇಸಿಗೆಯಲ್ಲಂತೂ ಇದು ಇನ್ನೂ ಜಾಸ್ತಿ. ನಮ್ಮ ಕಡೆ ಬಿಸಿಲಿಗೆ ನೆಲದ ಮೇಲಿನ ಹುಳದ ಮರಿ ಸುಟ್ಟುಹೋಗಿರುತ್ತವೆ. ಆಗ ಮಂದೆಗೆಲ್ಲಾ ಹಾಕಿದರೆ ಮಳೆಗಾಲಕ್ಕೆ ಬೀಜವಾಗಿ ಉಳಿಯುವುದು ಔಷಧಿ ತಿಂದು ಬದುಕಿದ್ದು ಮಾತ್ರ.

ಮೇವಿನ ವಿಷಯ. ಈ ಹುಳದ ಮೊಟ್ಟೆ ಹಿಕ್ಕೆಯಲ್ಲಿ ಬೀಳುತ್ತದೆ. ಉತ್ತರೆ, ಹಸ್ತದ ಬೆಚ್ಚಗಿನ ಒದ್ದೆ ನೆಲದಲ್ಲಿ ವಾರದೊಳಗೆ ಮರಿಯಾಗಿ ಹುಲ್ಲು ಹತ್ತುತ್ತದೆ. ಇಬ್ಬನಿ ಇದ್ದಷ್ಟು ಹೊತ್ತು ಹತ್ತುತ್ತದೆ. ಹತ್ತಿದರೂ ಬಹುಪಾಲು ಬುಡದ ಎರಡು ಮೂರು ಇಂಚಿನಲ್ಲೇ ಇರುತ್ತವೆ. ಕೆರೆ ಅಂಗಳದ ಗರಿಕೆ ಇರುವುದೇ ಅಷ್ಟೆತ್ತರ. ಕುರಿ ಬುಡಮಟ್ಟ ಕತ್ತರಿಸುತ್ತದೆ. ನುಂಗಿ ಮೂರು ವಾರಕ್ಕೆ ಹೊಟ್ಟೆಯೊಳಗೆ ದೊಡ್ಡ ಹುಳವಾಗಿ ಮೊಟ್ಟೆ ಶುರು, ಒಂದೊಂದು ಹೆಣ್ಣು ದಿನಕ್ಕೆ 5000ಕ್ಕೂ ಮೇಲೆ. ಅದಕ್ಕೇ ನೀವು ಔಷಧಿ ಹಾಕಿ ತಿಂಗಳೊಳಗೆ ಮತ್ತೆ ಮೊದಲಿನ ಹಾಗೇ ಆಗುವುದು.

ಕೆರೆ ಅಂಗಳ ಊರಿನದು, ಬೇಲಿ ಹಾಕಿ ಸರದಿ ಮೇಯಿಸಿ ಅಂತ ಹೇಳಿದರೆ ನೀವು ನಗುತ್ತೀರಿ. ಆಗುವಷ್ಟು ಮಾಡಿ. ಇಬ್ಬನಿ ಆರುವವರೆಗೆ ಅಂಗಳಕ್ಕೆ ಇಳಿಸಬೇಡಿ. ಬೆಳಗಿನ ಹೊತ್ತು ಕುರುಚಲು ಗುಡ್ಡದ ಕಡೆ ಹೊಡೆಯಿರಿ, ಎಲಚಿ, ಕಾರೆ, ಜಾಲಿ ಸೊಪ್ಪು ತಿನ್ನಲಿ. ಮೊಣಕಾಲಿಗಿಂತ ಎತ್ತರದ ಸೊಪ್ಪಿನಲ್ಲಿ ಈ ಹುಳ ಇರುವುದಿಲ್ಲ. ದನ ಮೇಯ್ದು ಹೋದ ಜಾಗ ಸಿಕ್ಕರೆ ಅದು ಒಳ್ಳೆಯದು. ದೊಡ್ಡ ದನದ ಹೊಟ್ಟೆಗೆ ಹೋದ ಕುರಿ ಹುಳ ಹೆಚ್ಚಿನವು ಅಲ್ಲೇ ಮುಗಿಯುತ್ತವೆ. ಹಾಲು ಕೊಡುವ ಕುರಿಗೆ ದಿನಾ ಒಂದು ಹಿಡಿ ಶೇಂಗಾ ಹಿಂಡಿ ಹಾಕಿ. ಹುಳ ತಡೆಯುವ ಶಕ್ತಿ ಪ್ರೋಟೀನಿನಿಂದಲೇ ಬರಬೇಕು. ಶೇಂಗಾ ಬೆಳೆಯುವ ಸೀಮೆಯಲ್ಲಿದ್ದುಕೊಂಡು ಹಿಂಡಿಗೆ ಜಿಪುಣತನ ಬೇಡ ಅಣ್ಣ.

ದೊಡ್ಡಪ್ಪನವರಿಗೆ ನಮಸ್ಕಾರ ಹೇಳಿ. ಮೈಲುತುತ್ತ ಮಾತ್ರ ಬೇಡ. ಹಿಂದೆ ಕೊಡುತ್ತಿದ್ದದ್ದು ನಿಜ, ಬೇರೆ ಔಷಧಿ ಇರಲಿಲ್ಲ. ಅದು ತಾಮ್ರ. ನಾವು ಸಾಕುವ ಜಾನುವಾರುಗಳಲ್ಲಿ ಕುರಿಯಷ್ಟು ತಾಮ್ರ ತಡೆಯದ್ದು ಇನ್ನೊಂದಿಲ್ಲ. ಲಿವರ್‌ನಲ್ಲಿ ಕೂತು ಆಮೇಲೊಂದು ದಿನ ಕೊಲ್ಲುತ್ತದೆ.

ಹಿರಿಯೂರು ಕುರಿಮಂದೆ:

ಅಕ್ಕ, ತುಂಬಾ ಥ್ಯಾಂಕ್ಸ್. ನಿನ್ನೆ ಮನೆಯವರೆಲ್ಲಾ ಸೇರಿ ಎಲ್ಲದರ ರೆಪ್ಪೆ ನೋಡಿದೆವು. ಕಾರ್ಡ್ ಇಲ್ಲ, ಕಣ್ಣಂದಾಜು. 59 ಕುರಿಯಲ್ಲಿ ಪೂರ್ತಿ ಬಿಳಿಚಿದವು 11. ಹೌದೋ ಅಲ್ಲವೋ ಅನ್ನುವ ಹಾಗಿರುವವು 14. ಉಳಿದವು ಕೆಂಪಗಿವೆ. 11ರಲ್ಲಿ 7 ಮರಿ ಹಾಕಿ ಹಾಲು ಕೊಡುತ್ತಿರುವವು, 3 ಈ ವರ್ಷದ ಮರಿ. ಇನ್ನೊಂದು ನಮ್ಮ ಮಂದೆಯಲ್ಲೇ ದಪ್ಪ ಕುರಿ! ಉಣ್ಣೆ ದಟ್ಟವಾಗಿದೆ, ಗದ್ದ ಬಾತಿಲ್ಲ, ನೋಡಿದರೆ ಯಾರೂ ಕಾಯಿಲೆ ಅನ್ನುವುದಿಲ್ಲ. ರೆಪ್ಪೆ ಎಳೆದರೆ ಕಾಗದದ ಬಿಳುಪು. ಬೆನ್ನು ತಡವಿ ನೋಡಿದರೆ ಉಣ್ಣೆ ಕೆಳಗೆ ಬರೀ ಮೂಳೆ.

ಮೇಕೆಗಳಲ್ಲಿ ಒಂದು ಬಿಟ್ಟು ಎಲ್ಲಾ ಕೆಂಪು. ಅವು ಹೇಗೂ ಬೇಲಿ ಮೇಲೇ ಇರುತ್ತವೆ. ಈಗ ಔಷಧಿ ಯಾವುದು?

ದನದ ಡಾಕ್ಟ್ರು:

ಪಶುಸಖಿ ಹೇಳಿದ್ದರಲ್ಲಿ ತಿದ್ದುವಂಥದ್ದು ಏನೂ ಇಲ್ಲ, ಸ್ವಲ್ಪ ಸೇರಿಸುತ್ತೇನೆ.

ಮೊದಲು ಎಲ್ಲರಿಗೂ ಒಂದು ಮಾತು. ಸೊರಗಿ ಸೊರಗಿ ಸತ್ತ ಕುರಿಯನ್ನು ಕೊಯ್ದು ನೋಡಿ, ತೊಂದರೆ ಇಲ್ಲ. ಚೆನ್ನಾಗಿದ್ದದ್ದು ದಿಢೀರನೆ ಸತ್ತರೆ, ಅದರಲ್ಲೂ ಮೂಗು ಅಥವಾ ಗುದದಿಂದ ಕಪ್ಪು ರಕ್ತ ಬಂದಿದ್ದರೆ ಚಾಕು ಮುಟ್ಟಿಸಬೇಡಿ. ಆಂಥ್ರಾಕ್ಸ್ ಇರಬಹುದು, ಮನುಷ್ಯರಿಗೂ ಬರುತ್ತದೆ. ನಮಗೆ ಹೇಳಿ ಕಳಿಸಿ. ಮತ್ತೆ, ಕೊಯ್ದ ಕುರಿಯ ತಲೆ, ಲಿವರ್ ನಾಯಿಗೆ ಎಸೆಯಬೇಡಿ. ತಲೆ ತಿರುಗಿ ಸುತ್ತು ಹಾಕುವ ರೋಗ ಬರುವುದು ನಾಯಿಯ ಲಾಡಿಹುಳದಿಂದಲೇ.

ಈಗ ನಿಮ್ಮ 11 ಕುರಿ. ಅಲ್ಬೆಂಡಜೋಲ್, ಫೆನ್‌ಬೆಂಡಜೋಲ್ ಅನ್ನುವ ಆ ಬಿಳಿ ಔಷಧಿಗಳ ಮನೆತನ ಸದ್ಯಕ್ಕೆ ಬದಿಗಿಡಿ. ಲೆವಾಮಿಸೋಲ್ ಅಥವಾ ಕ್ಲೋಸಾಂಟೆಲ್, ಇವೆರಡರಲ್ಲಿ ಒಂದು. ಕ್ಲೋಸಾಂಟೆಲ್ ರಕ್ತಕ್ಕೆ ಅಂಟಿಕೊಂಡು ವಾರಗಟ್ಟಲೆ ಉಳಿಯುತ್ತದೆ, ಹಾಗಾಗಿ ರಕ್ತ ಹೀರುವ ಹುಳಕ್ಕೆ ಚೆನ್ನಾಗಿ ನಾಟುತ್ತದೆ. ಕುಡಿಸುವುದಾದರೆ ಕೆಜಿಗೆ 10 ಮಿಲಿಗ್ರಾಂ. ಡೋಸ್ ಜಾಸ್ತಿಯಾದರೆ ಕುರಿ ಕುರುಡಾಗುತ್ತದೆ, ಆ ಕಣ್ಣು ವಾಪಸ್ ಬರುವುದು ಕಷ್ಟ. ಲೆವಾಮಿಸೋಲ್ ಜಾಸ್ತಿಯಾದರೆ ಜೊಲ್ಲು ಸುರಿಸಿ ನಡುಗುತ್ತದೆ. ಎರಡಕ್ಕೂ ತೂಕ ನೋಡದೆ ಕೈ ಹಾಕಬೇಡಿ. ಅಲ್ಬೆಂಡಜೋಲ್‌ಗೂ ಒಂದು ಎಚ್ಚರಿಕೆ ಇದೆ. ಟಗರು ಬಿಟ್ಟ ಮೊದಲ ತಿಂಗಳಲ್ಲಿ ಕೊಟ್ಟರೆ ಹೊಟ್ಟೆಯೊಳಗಿನ ಮರಿ ಊನವಾಗಬಹುದು. ಐವರ್‌ಮೆಕ್ಟಿನ್ ಕೆಟ್ಟ ಔಷಧಿ ಅಲ್ಲ. ಆದರೆ ಉಣ್ಣೆಯಲ್ಲಿ ಕಜ್ಜಿ ಬಂದಾಗೆಲ್ಲಾ ಅದನ್ನೇ ಹಾಕಿ ಹಾಕಿ ಕೆಲವು ಕಡೆ ಹುಳ ಅದಕ್ಕೂ ಪಳಗಿವೆ.

ಅನುಮಾನದ 14ರಲ್ಲಿ ಮರಿಗಳಿಗೆ ಮತ್ತು ಹಾಲು ಕೊಡುವವಕ್ಕೆ ಹಾಕಿ, ಉಳಿದವನ್ನು ಹತ್ತು ಹದಿನೈದು ದಿನ ಬಿಟ್ಟು ಮತ್ತೆ ನೋಡಿ. ಈಯುವ ಹೊತ್ತಿನಲ್ಲಿ ಕುರಿಯ ತಡೆಯುವ ಶಕ್ತಿ ಇಳಿಯುತ್ತದೆ. ನಿಮ್ಮ ಲೆಕ್ಕದಲ್ಲಿ ಹಾಲಿನವೇ ಜಾಸ್ತಿ ಬಂದಿರುವುದು ಅದಕ್ಕೇ. ತೀರಾ ಬಿಳಿಚಿದವನ್ನು ದೂರ ಹೊಡೆದುಕೊಂಡು ಹೋಗಬೇಡಿ. ದಾರಿಯಲ್ಲೇ ಬಿದ್ದು ಸಾಯುತ್ತವೆ. ರೊಪ್ಪದಲ್ಲೇ ಮೇವು, ಹಿಂಡಿ ಕೊಡಿ.

ಮೇಕೆಗೆ ಕುರಿಯ ಲೆಕ್ಕ ಬರುವುದಿಲ್ಲ. ಮೇಕೆಯ ಲಿವರ್ ಬಿಳಿ ಔಷಧಿಗಳನ್ನೂ ಲೆವಾಮಿಸೋಲನ್ನೂ ಬೇಗ ಹೊರಗೆ ಹಾಕುತ್ತದೆ, ಹಾಗಾಗಿ ಅವು ಜಾಸ್ತಿ ಬೇಕು. ಕ್ಲೋಸಾಂಟೆಲ್‌ಗೆ ಮಾತ್ರ ಆ ನಿಯಮ ಹಾಕಬೇಡಿ. ಆ ಒಂದು ಮೇಕೆಯನ್ನು ಆಸ್ಪತ್ರೆಗೇ ಹಿಡಿದುಕೊಂಡು ಹೋಗಿ. ದೂರವಾದರೆ 1962ಕ್ಕೆ ಫೋನ್ ಮಾಡಿ, ಗಾಡಿ ಬರುತ್ತದೆ.

ಸಂಚಾರಿ ಕುರಿಗಾರ, ಚಳ್ಳಕೆರೆ:

ಎಲ್ಲಾ ಸರಿ. ಆದರೆ ಗದ್ದದಲ್ಲಿ ನೀರು ಅಂದ ಕೂಡಲೇ ಇದೊಂದೇ ಹುಳ ಅಂದುಕೊಳ್ಳಬೇಡಿ. ನಾವು ಕಾರ್ತೀಕ ಕಳೆದ ಮೇಲೆ ಮಂದೆ ಹೊಡೆದುಕೊಂಡು ದಾವಣಗೆರೆ, ಹರಿಹರದ ಕಡೆ ಭತ್ತ ಕೊಯ್ದ ಗದ್ದೆಗಳಿಗೆ ಹೋಗುತ್ತೇವೆ. ಹೊಲದಲ್ಲಿ ಮಂದೆ ತರುಬಿದರೆ ರೈತರು ಕಾಳೋ ದುಡ್ಡೋ ಕೊಡುತ್ತಾರೆ. ಮೇವಿಗೆ ಕೊರತೆ ಇಲ್ಲ. ಆದರೆ ಭದ್ರಾ ಕಾಲುವೆ ನೀರು ನಿಂತ ಕಡೆಯಲ್ಲೆಲ್ಲಾ ಸಣ್ಣ ಬಸವನಹುಳು. ಅಲ್ಲಿಂದ ಬಂದು ಎರಡು ಮೂರು ತಿಂಗಳಿಗೆ ಕುರಿ ಹೀಗೇ ಬಿಳಿಚುತ್ತವೆ, ಗದ್ದವೂ ಬಾತುಕೊಳ್ಳುತ್ತದೆ. ಕೊಯ್ದರೆ ಕೊನೇ ಹೊಟ್ಟೆ ಚೊಕ್ಕ. ಲಿವರ್ ಕತ್ತರಿಸಿ ಹಿಂಡಿದರೆ ಎಲೆ ಆಕಾರದ ಚಪ್ಪಟೆ ಹುಳ ಹೊರಗೆ ಬರುತ್ತವೆ. ಅದಕ್ಕೆ ಐವರ್‌ಮೆಕ್ಟಿನ್ ಎಷ್ಟು ಚುಚ್ಚಿದರೂ ಏನೂ ಆಗುವುದಿಲ್ಲ. ನಮ್ಮ ಪೈಕಿ ಒಬ್ಬರು ಅಂಗಡಿ ಮಾತು ಕೇಳಿ ಅದನ್ನೇ ಹಾಕಿಸಿ, ಅರ್ಧ ಮಂದೆ ಮಾರಿಕೊಂಡರು.

ಗದ್ದೆಯಲ್ಲಿ ಬದುವಿನ ಮೇಲೆ, ಒಣಗಿದ ಕಡೆ ಮೇಯಿಸಿ. ನೀರು ನಿಂತ ತಗ್ಗಿಗೆ ಇಳಿಸಬೇಡಿ, ಅಲ್ಲಿ ಹುಲ್ಲು ಎಷ್ಟೇ ಹಸಿರಿರಲಿ. ಕುಡಿಯುವ ನೀರೂ ಅಷ್ಟೇ. ಹರಿಯುವ ಕಡೆ ಕುಡಿಸುತ್ತೇವೆ, ಇಲ್ಲವೆಂದರೆ ಬೋರ್‌ವೆಲ್ ತೊಟ್ಟಿ.

ದನದ ಡಾಕ್ಟ್ರು:

ಸರಿಯಾಗಿ ಹೇಳಿದಿರಿ. ಲಿವರ್ ಹುಳಕ್ಕೆ ಟ್ರೈಕ್ಲಾಬೆಂಡಜೋಲ್, ಆಕ್ಸಿಕ್ಲೋಜನೈಡ್ ತರಹದ ಬೇರೆ ಔಷಧಿಗಳೇ ಇವೆ. ರೆಪ್ಪೆಯ ಬಣ್ಣ ರಕ್ತ ಕಡಿಮೆ ಇದೆ ಅಂತ ಹೇಳುತ್ತದೆ, ಕುಡಿದವರು ಯಾರು ಅಂತ ಹೇಳುವುದಿಲ್ಲ. ಮೈಮೇಲೆ ಉಣುಗು, ಹೇನು ಜಾಸ್ತಿ ಇದ್ದರೂ ಬಿಳಿಚುತ್ತದೆ. ಹಿರಿಯೂರಿನವರ ಕುರಿಯಲ್ಲಿ ಹುಳವೇ ಕಣ್ಣಿಗೆ ಕಂಡಿದೆ, ಹಾಗಾಗಿ ಅಲ್ಲಿ ಗೊಂದಲ ಇಲ್ಲ.

ದಾವಣಗೆರೆ ಟಗರು:

ಅಕ್ಕ, ನನ್ನ ಟಗರಿನ ರೆಪ್ಪೆ ನೋಡಿದೆ. ದಾಸವಾಳದ ಬಣ್ಣ. ಈ ತಿಂಗಳು ಸೂಜಿ ಬೇಡ ಅಲ್ವಾ?

ಪಶುಸಖಿ, ಜಗಳೂರು:

ಬೇಡ. ಮುಂದಿನ ತಿಂಗಳೂ ಬೇಡ.

ಹಿರಿಯೂರು ಕುರಿಮಂದೆ:

ಕೊನೇದಾಗಿ ಎರಡು ಪ್ರಶ್ನೆ. ಔಷಧಿ ನಾಟಿತೋ ಇಲ್ಲವೋ ಅಂತ ಗೊತ್ತಾಗುವುದು ಹೇಗೆ? ಮತ್ತೆ, ನಮ್ಮ ಚಿಕ್ಕಪ್ಪನ ಹೊಲ ಈ ವರ್ಷ ಬೀಳು ಬಿಟ್ಟಿದ್ದಾರೆ, ಕುರಿ ಕಾಲಿಟ್ಟಿಲ್ಲ. ಔಷಧಿ ಹಾಕಿದ ಮಾರನೇ ದಿನವೇ ಮಂದೆಯನ್ನು ಅಲ್ಲಿಗೆ ಹೊಡೆಯಲಾ?

ದನದ ಡಾಕ್ಟ್ರು:

ಔಷಧಿ ಹಾಕುವ ದಿನವೇ ಹತ್ತು ಕುರಿಯ ಹಿಕ್ಕೆ ತೆಗೆದುಕೊಳ್ಳಿ. ನೆಲದಿಂದ ಎತ್ತಬೇಡಿ. ಕೈಗೆ ಪ್ಲಾಸ್ಟಿಕ್ ಕವರ್ ಹಾಕಿಕೊಂಡು ಗುದದಿಂದಲೇ ತೆಗೆದು, ಕವರ್ ತಿರುವಿ ಗಂಟು ಹಾಕಿ, ಕುರಿಯ ಗುರುತು ಬರೆಯಿರಿ. ಬಿಸಿಲಲ್ಲಿ ಬೈಕಿಗೆ ನೇತು ಹಾಕಿಕೊಂಡು ಬಂದರೆ ಮೊಟ್ಟೆ ಬೇಗ ಒಡೆದು ಮರಿಯಾಗುತ್ತವೆ, ಲೆಕ್ಕ ತಪ್ಪುತ್ತದೆ. ಐಸ್ ಹಾಕಿದ ಡಬ್ಬಿಯಲ್ಲಿ ತನ್ನಿ. ಎರಡು ವಾರ ಬಿಟ್ಟು ಅವೇ ಕುರಿಗಳ ಹಿಕ್ಕೆ ಇನ್ನೊಮ್ಮೆ. ಮೊಟ್ಟೆ ನೂರಕ್ಕೆ 95ರಷ್ಟಾದರೂ ಇಳಿದಿರಬೇಕು. ಇಳಿದಿಲ್ಲ ಅಂದರೆ ಆ ಔಷಧಿಯೂ ನಿಮ್ಮ ಮಂದೆಗೆ ಮುಗಿದ ಹಾಗೇ. ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಮೊಟ್ಟೆ ಎಣಿಸುವ ವ್ಯವಸ್ಥೆ ಇಲ್ಲದಿದ್ದರೆ ಎಲ್ಲಿಗೆ ಕಳಿಸಬೇಕೆಂದು ಅಲ್ಲಿಯ ಡಾಕ್ಟ್ರನ್ನೇ ಕೇಳಿ. ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜೂ ಇದೆ.

ಬೀಳು ಹೊಲಕ್ಕೆ ಖಂಡಿತ ಹೊಡೆಯಿರಿ, ಆದರೆ ಔಷಧಿ ಹಾಕಿದವನ್ನು ಮಾತ್ರ ಬೇರೆ ಮಾಡಿ ಹೊಡೆಯಬೇಡಿ. ಹಾಗೆ ಮಾಡಿದರೆ ಆ ಹೊಸ ನೆಲಕ್ಕೆ ಬೀಳುವುದು ಔಷಧಿಗೆ ಜಗ್ಗದ ಹುಳದ ಮೊಟ್ಟೆ ಮಾತ್ರ. ಔಷಧಿ ಹಾಕದ ಕೆಂಪು ರೆಪ್ಪೆಯವನ್ನೂ ಜೊತೆಗೇ ಸೇರಿಸಿ, ಇಡೀ ಮಂದೆಯನ್ನು ಒಟ್ಟಿಗೆ ಬಿಡಿ. ವಾರದೊಳಗೆ ಅಲ್ಲಿಂದ ಎಬ್ಬಿಸಿ. ಮತ್ತೆ ಅದೇ ಹೊಲಕ್ಕೆ ಸ್ವಾತಿ ಮಳೆ ಮುಗಿದು ನೆಲ ಒಣಗಿದ ಮೇಲೆ ಬನ್ನಿ.